ನಮ್ಮ ಸಂತೆ, ಯಾರದೋ ಲೆಕ್ಕ!

ಹೋದ ಬೇಸಿಗೆಯಲ್ಲಿ ನನ್ನ ಪ್ರೆಸ್ಸಿಗೆ ಒಂದು ಕೆಲಸ ಬಂತು. ಇಪ್ಪತ್ತೆರಡು ಪುಟದ ಫಾರ್ಮು, ಎರಡು ಸಾವಿರ ಪ್ರತಿ, ಮೂರೇ ದಿನದಲ್ಲಿ ಬೇಕು. ತಂದವರು ಇಬ್ಬರು ಹುಡುಗರು, ಒಬ್ಬ ಹುಡುಗಿ. ಹಳ್ಳಿ ರೈತರು ಬೆಳೆದದ್ದನ್ನು ಎಲ್ಲಿ ಮಾರುತ್ತಾರೆ, ಎಷ್ಟಕ್ಕೆ ಮಾರುತ್ತಾರೆ, ಅಲ್ಲಿಗೆ ಹೇಗೆ ಹೋಗುತ್ತಾರೆ ಎಂದು ಸರ್ವೆ ಮಾಡುವ ತಂಡದವರು. ಈಗ ಇದೆಲ್ಲ ಟ್ಯಾಬಿನಲ್ಲೇ ನಡೆಯುತ್ತದಂತೆ. ಆದರೆ ನೆಟ್‌ವರ್ಕ್ ಸಿಗದ ಊರಿಗೆ ಕಾಗದವೂ ಇರಲಿ ಎಂದು ನನ್ನ ಬಾಗಿಲಿಗೆ ಬಂದಿದ್ದರು.

ಪ್ರೂಫ್ ನೋಡುವುದು ನನ್ನ ಹಳೇ ಚಟ. ನೋಡುತ್ತಾ ಹೋದೆ. ಏಳನೇ ಪುಟದಲ್ಲಿ ಹೀಗಿತ್ತು: "ನಿಮ್ಮ ಕುಟುಂಬವು ಹೊಂದಿರುವ ಮಾರುಕಟ್ಟೆ ಪ್ರವೇಶದ ಗುಣಮಟ್ಟವನ್ನು ಒಂದರಿಂದ ಐದರ ಪ್ರಮಾಣದಲ್ಲಿ ಸೂಚಿಸಿ." ನಿಮ್ಮಾಣೆ, ಇದು ಕನ್ನಡ! ಅಕ್ಷರ ನಮ್ಮದೇ, ವಿಭಕ್ತಿ ನಮ್ಮದೇ. ಆದರೆ ಹೊಲದ ಬದುವಿನಲ್ಲಿ ಕೂತ ರೈತನಿಗೆ ಇದನ್ನು ಓದಿ ಹೇಳಿದರೆ ಅವನು ಮೊದಲು ನಿಮಗೆ ನೀರು ಕೊಡುತ್ತಾನೆ, ಬಿಸಿಲು ತಲೆಗೆ ಹತ್ತಿದೆ ಎಂದುಕೊಂಡು.

ಅದು ಹೋಗಲಿ. ಹನ್ನೊಂದನೇ ಪುಟದಲ್ಲಿ "ಹತ್ತಿರದ ಮಾರುಕಟ್ಟೆ ಎಷ್ಟು ಕಿಲೋಮೀಟರ್?" ಎಂದಿತ್ತು. ಯಾವ ಮಾರುಕಟ್ಟೆ ಸ್ವಾಮಿ? ಮನೆಯ ಹೆಂಗಸನ್ನು ಕೇಳಿದರೆ ಸೊಪ್ಪು, ಮೊಟ್ಟೆ ಮಾರುವ ವಾರದ ಸಂತೆಯ ದೂರ ಹೇಳುತ್ತಾಳೆ. ಗಂಡಸನ್ನು ಕೇಳಿದರೆ ಎಪಿಎಂಸಿ ಯಾರ್ಡಿನ ದೂರ ಹೇಳುತ್ತಾನೆ. ಒಂದು ಮೂರು ಕಿಲೋಮೀಟರ್, ಇನ್ನೊಂದು ಮೂವತ್ತು. ಎರಡೂ ಒಂದೇ ಕಾಲಂಗೆ ಬಿದ್ದು, ಕಂಪ್ಯೂಟರಿಗೆ ಹೋಗಿ, ಸರಾಸರಿಯಾಗಿ ಹೊರಗೆ ಬರುತ್ತದೆ. ಆ ಸರಾಸರಿ ದೂರದಲ್ಲಿ ಸಂತೆಯೂ ಇಲ್ಲ, ಯಾರ್ಡೂ ಇಲ್ಲ, ಯಾರದೋ ಜಾಲಿ ಗಿಡ ಇದೆ.

"ಏನಮ್ಮಾ ಇದು, ಸಂತೆ ಬೇರೆ, ಯಾರ್ಡ್ ಬೇರೆ ಬರೆಯೋಣವಾ?" ಎಂದೆ. ಹುಡುಗಿ ಪಾಪ, ಒಳ್ಳೆಯವಳು. "ನಂಗೂ ಗೊತ್ತಾಗತ್ತೆ ಸಾರ್. ಆದ್ರೆ ಇದು ಮೇಲಿಂದ ಅಪ್ರೂವ್ ಆಗಿ ಬಂದಿದೆ. ಒಂದಕ್ಷರ ಬದಲಾಯಿಸೋ ಹಾಗಿಲ್ಲ" ಎಂದಳು. ಹೊಡೆದು ಕೊಟ್ಟೆ. ದುಡ್ಡೂ ತಗೊಂಡೆ. ಆಮೇಲೆ ನಿದ್ದೆ ಬರಲಿಲ್ಲ.

ನಾನು ಪಿಯುಸಿಗೆ ನಿಂತವನು, ಇಂಗ್ಲಿಷನ್ನು ತಡವರಿಸಿ ಓದುವವನು. ನಮ್ಮಣ್ಣನ ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡುತ್ತಿದ್ದಾಳೆ. "ಈ ಜನ ಸಂತೆಯನ್ನ ಯಾಕೆ ಹೀಗೆ ಅಳೀತಾರೆ, ಸ್ವಲ್ಪ ಹೇಳವ್ವಾ" ಎಂದೆ. ಅವಳು ಒಂದೊಂದೇ ಪ್ರಬಂಧ ಇಳಿಸಿಕೊಂಡು ಬಂದು, ಭಾನುವಾರ ಭಾನುವಾರ ಕೂತು ಓದಿ ಹೇಳಿದಳು. ಕೇಳಿ ದಂಗಾದೆ. ಬೈಯಲು ಕೂತವನು ಅರ್ಧ ದಾರಿಯಲ್ಲಿ ಮೆಚ್ಚಿಕೊಂಡೆ. ಅದನ್ನೇ ನಿಮಗೆ ಹೇಳಬೇಕಾಗಿದೆ.

ಮೊದಲು ಮೀನಿನ ಕತೆ. ಕಾಸರಗೋಡು ಎಂದರೆ ನಿಮಗೆ ಮಹಾಜನ ವರದಿ ನೆನಪಾಗುತ್ತದೆ, ನನಗೂ ಅಷ್ಟೆ. ಆದರೆ ಅರ್ಥಶಾಸ್ತ್ರಜ್ಞರಿಗೆ ಆ ಕರಾವಳಿ ಬೇರೆ ಕಾರಣಕ್ಕೆ ನೆನಪಾಗುತ್ತದೆ. ರಾಬರ್ಟ್ ಜೆನ್ಸನ್ ಎಂಬ ಅಮೆರಿಕನ್ ಅರ್ಥಶಾಸ್ತ್ರಜ್ಞ ಕೋಳಿಕ್ಕೋಡು, ಕಣ್ಣೂರು, ಕಾಸರಗೋಡು ಜಿಲ್ಲೆಗಳ ಹದಿನೈದು ಮೀನು ಮಾರುಕಟ್ಟೆಗಳನ್ನು ಹಿಡಿದುಕೊಂಡ. ೩೦೦ ದೋಣಿಗಳಿಂದ ವಾರ ವಾರವೂ ಲೆಕ್ಕ ಬರೆಸಿದ, ೧೯೯೬ರಿಂದ ೨೦೦೧ರವರೆಗೆ. ಎಷ್ಟು ಹಿಡಿದಿರಿ, ಎಲ್ಲಿ ಮಾರಿದಿರಿ, ಎಷ್ಟಕ್ಕೆ, ಎಷ್ಟು ಚೆಲ್ಲಿದಿರಿ? ಇಷ್ಟೇ ಪ್ರಶ್ನೆ.

೧೯೯೭ರ ಜನವರಿ ೧೪ರ ಬೆಳಗ್ಗೆ ವಡಕರದಲ್ಲಿ ಏನಾಯಿತೆಂದು ಅವನು ಬರೆದಿದ್ದಾನೆ. ಹನ್ನೊಂದು ಮೀನುಗಾರರಿಗೆ ಗಿರಾಕಿಯೇ ಸಿಗಲಿಲ್ಲ, ಹಿಡಿದ ಮೀನು ದಂಡ. ಅದೇ ಬೆಳಗ್ಗೆ, ಹದಿನೈದು ಕಿಲೋಮೀಟರ್ ಒಳಗಿನ ಬೇರೆ ಎರಡು ಮಾರುಕಟ್ಟೆಗಳಲ್ಲಿ ಇಪ್ಪತ್ತೇಳು ಗಿರಾಕಿಗಳು ದುಡ್ಡು ಹಿಡಿದುಕೊಂಡು ಬಂದು ಮೀನಿಲ್ಲದೆ ವಾಪಸಾದರು. ಇವರಿಗೆ ಅವರ ಸುದ್ದಿ ಗೊತ್ತಿಲ್ಲ, ಅವರಿಗೆ ಇವರದ್ದು ಗೊತ್ತಿಲ್ಲ. ಡೀಸೆಲ್ ಸುಟ್ಟುಕೊಂಡು ದಡದಿಂದ ದಡಕ್ಕೆ ಅಲೆಯಲು ಆಗುವುದಿಲ್ಲ, ಅಷ್ಟರಲ್ಲಿ ಮೀನು ನಾರುತ್ತದೆ.

ಆಮೇಲೆ ಮೊಬೈಲ್ ಬಂತು. ಕೋಳಿಕ್ಕೋಡಿಗೆ ೧೯೯೭ರಲ್ಲಿ, ಕಣ್ಣೂರಿಗೆ ೧೯೯೮ರಲ್ಲಿ, ಕಾಸರಗೋಡಿಗೆ ೨೦೦೦ದಲ್ಲಿ. ಮೂರು ಕಡೆಗೂ ಒಂದೇ ದಿನ ಬರಲಿಲ್ಲ ಎನ್ನುವುದೇ ಇಲ್ಲಿ ಕೀಲಿಕೈ. ಒಂದೇ ದಿನ ಬಂದಿದ್ದರೆ ಬೆಲೆ ಬದಲಾದದ್ದು ಫೋನಿನಿಂದಲೋ, ಆ ವರ್ಷದ ಮೀನಿನ ಸುಗ್ಗಿಯಿಂದಲೋ ಎಂದು ಯಾರು ಹೇಳಬೇಕು? ಒಂದು ಜಿಲ್ಲೆಗೆ ಬಂದು ಪಕ್ಕದ ಜಿಲ್ಲೆಗೆ ಬಾರದೆ ಇದ್ದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಕಡಲು ಒಂದೇ, ಮಳೆ ಒಂದೇ, ವ್ಯತ್ಯಾಸ ಟವರ್ ಮಾತ್ರ. ದಡದಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಒಳಗೂ ಸಿಗ್ನಲ್ ಸಿಗುತ್ತಿತ್ತು, ದೋಣಿಯಲ್ಲಿ ಕೂತೇ ಫೋನು ಮಾಡಿ ಯಾವ ದಡಕ್ಕೆ ಹೋಗಬೇಕೆಂದು ತೀರ್ಮಾನಿಸಿದರು. ಮೊದಲು ದಿನದ ಮೀನಿನಲ್ಲಿ ನೂರಕ್ಕೆ ಐದರಿಂದ ಎಂಟು ಪಾಲು ಚೆಲ್ಲಿ ಹೋಗುತ್ತಿತ್ತು. ಅದು ನಿಂತುಹೋಯಿತು. ಮೀನುಗಾರನ ಲಾಭ ನೂರಕ್ಕೆ ಎಂಟು ಏರಿತು, ತಿನ್ನುವವನಿಗೆ ಬೆಲೆ ನೂರಕ್ಕೆ ನಾಲ್ಕು ಇಳಿಯಿತು. ಇಬ್ಬರಿಗೂ ಲಾಭ!

೨೦೦೭ರಲ್ಲಿ ಈ ಪ್ರಬಂಧ ಅಚ್ಚಾಯಿತು. ಜಗತ್ತೇ ಕುಣಿಯಿತು. ರೈತನ ಕೈಗೆ ಫೋನು ಕೊಡಿ, ರೇಟು ಹೇಳಿ, ಬಡತನ ಮುಗಿಯಿತು ಎಂದರು. ಬೆಂಗಳೂರಿನ ಎಸಿ ಕೋಣೆಗಳಲ್ಲಿ ಇವತ್ತಿಗೂ ಅದೇ ಮಂತ್ರ. ನಿಮ್ಮಲ್ಲಿ ಎಷ್ಟು ಜನ ರೈತರಿಗೆ ಆ್ಯಪ್ ಮಾಡುತ್ತೇವೆಂದು ರಾತ್ರಿಯೆಲ್ಲಾ ಎದ್ದು ಕೂತಿಲ್ಲ, ಹೇಳಿ?

ಈಗ ಪಕ್ಕದ ಮಹಾರಾಷ್ಟ್ರಕ್ಕೆ ಬನ್ನಿ. ಫಾಫ್‌ಶಾಂ ಮತ್ತು ಮಿಂಟನ್ ಎಂಬಿಬ್ಬರು ನೂರು ಹಳ್ಳಿ ಆರಿಸಿಕೊಂಡು, ಯಾವ ಹಳ್ಳಿಯ ರೈತರಿಗೆ ಫೋನಿನಲ್ಲಿ ರೇಟು, ಹವಾಮಾನದ ಸಂದೇಶ ಹೋಗಬೇಕು, ಯಾವುದಕ್ಕೆ ಬೇಡ ಎಂದು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದರು. ಚೀಟಿ ಎತ್ತುವುದು ಯಾಕೆಂದರೆ, ಇಷ್ಟಪಟ್ಟವರಿಗೆ ಕೊಟ್ಟರೆ ಚುರುಕು ರೈತರೇ ತೆಗೆದುಕೊಳ್ಳುತ್ತಾರೆ. ಆಗ ಅವರಿಗೆ ಬಂದ ಹೆಚ್ಚು ಬೆಲೆ ಸಂದೇಶದ್ದೋ, ಅವರ ಚುರುಕುತನದ್ದೋ ಗೊತ್ತಾಗುವುದಿಲ್ಲ. ೨೦೧೨ರಲ್ಲಿ ಪ್ರಕಟವಾದ ಫಲಿತಾಂಶ ಏನು? ಸಂದೇಶ ಪಡೆದ ರೈತನಿಗೆ ಸಿಕ್ಕ ಬೆಲೆಗೂ ಪಡೆಯದವನಿಗೆ ಸಿಕ್ಕ ಬೆಲೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಆಫ್ರಿಕಾದ ನೈಜರ್ ಇನ್ನೂ ಸ್ವಾರಸ್ಯ. ನೈಜೀರಿಯಾ ಅಲ್ಲ, ಅದರ ತಲೆಯ ಮೇಲಿರುವ ಒಣ ದೇಶ, ನಮ್ಮ ಉತ್ತರ ಕರ್ನಾಟಕದ ಹಾಗೆ ಸಜ್ಜೆ ತಿನ್ನುವ ನಾಡು. ಅಲ್ಲಿ ೨೦೦೧ರಿಂದ ೨೦೦೬ರವರೆಗೆ ಮೊಬೈಲ್ ಬಂದ ಮೇಲೆ ಒಂದು ಸಂತೆಗೂ ಇನ್ನೊಂದು ಸಂತೆಗೂ ಇದ್ದ ಧಾನ್ಯದ ಬೆಲೆಯ ಅಂತರ ನೂರಕ್ಕೆ ೧೦ರಿಂದ ೧೬ರಷ್ಟು ತಗ್ಗಿತು ಎಂದು ಜೆನ್ನಿ ಏಕರ್ ಎಂಬ ವಿದುಷಿ ಲೆಕ್ಕ ಹಾಕಿದಳು. ಅದು ವ್ಯಾಪಾರಿಗಳ ಸಂತೆ. ನಂತರ ಆಕೆಯೇ ಫಾಫ್‌ಶಾಂ ಜೊತೆ ಸೇರಿ ರೈತನ ಕೈಗೆ ಬಂದ ಬೆಲೆಯನ್ನು ನೋಡಿದಳು. ಅಲಸಂದೆಯಲ್ಲಿ ಊರಿಂದೂರಿಗೆ ಇದ್ದ ಅಂತರ ನೂರಕ್ಕೆ ಆರು ಇಳಿದಿತ್ತು. ಸಜ್ಜೆ, ಜೋಳದಲ್ಲಿ ಏನೂ ಇಲ್ಲ! ರೈತನ ಸರಾಸರಿ ಬೆಲೆಯೂ ಏರಿರಲಿಲ್ಲ. ಫೋನು ವ್ಯಾಪಾರಿಯ ಕಿವಿಯಲ್ಲಿ ಕೆಲಸ ಮಾಡಿತು, ರೈತನ ಜೇಬಿನಲ್ಲಿ ಮಲಗಿತು.

ಯಾಕೆ? ನನಗೆ ಉತ್ತರ ಸಿಕ್ಕಿದ್ದು ಪ್ರಬಂಧದಲ್ಲಲ್ಲ, ನನ್ನ ಪ್ರೆಸ್ಸಿನ ಮೆಟ್ಟಿಲ ಮೇಲೆ.

ನನ್ನ ಪ್ರೆಸ್ ಇರುವುದು ಒಂದು ಎಪಿಎಂಸಿ ಯಾರ್ಡಿನ ಹಿಂದಿನ ಬೀದಿಯಲ್ಲಿ. ಊರ ಹೆಸರು ಬೇಡ, ನಾಳೆಯೂ ಅಲ್ಲೇ ನಾನು ಬಾಗಿಲು ತೆಗೆಯಬೇಕು. ಒಂದು ಮಧ್ಯಾಹ್ನ ಮಳೆಗೆ ಸಿಕ್ಕಿ ಒಬ್ಬ ಹಿರಿಯ ರೈತರು ಮೆಟ್ಟಿಲ ಮೇಲೆ ಕೂತರು. ಮೆಕ್ಕೆಜೋಳ ತಂದಿದ್ದರು. ಕೈಯಲ್ಲಿ ಫೋನು, ಫೋನಿನಲ್ಲಿ ನಾಲ್ಕು ಮಾರುಕಟ್ಟೆಯ ರೇಟು. "ಕಾಕಾ, ಆ ಯಾರ್ಡಿನಾಗ ನೂರಾ ಐವತ್ತು ಹೆಚ್ಚೈತಲ್ಲ, ಅಲ್ಲಿಗ್ಯಾಕ ಒಯ್ಯಲಿಲ್ಲ?" ಎಂದೆ. ಅವರು ನನ್ನ ಮುಖ ನೋಡಿ ನಕ್ಕರು.

"ರೇಟ್ ಗೊತ್ತಿಲ್ಲಂತ ಯಾರು ಹೇಳಿದ್ರೋ ತಮ್ಮಾ? ಬೀಜಕ್ಕ, ಗೊಬ್ಬರಕ್ಕ, ಮಗಳ ಹೆರಿಗಿಗೆ ರೊಕ್ಕ ಕೊಟ್ಟಾವ ಇಲ್ಲಿ ಸಾವ್ಕಾರ. ಮಾಲು ಬ್ಯಾರೆ ಕಡಿಗೆ ಹಾಕಿದ್ರ ಮುಂದಿನ ವರ್ಷ ಯಾರ ಮಾರಿ ನೋಡ್ಲಿ?"

ಮುಗಿಯಿತು! ಇಪ್ಪತ್ತೆರಡು ಪುಟದ ಫಾರ್ಮಿನಲ್ಲಿ ಈ ಮಾತಿಗೆ ಕಾಲಂ ಇರಲಿಲ್ಲ. ಸಾಲ ಎಷ್ಟಿದೆ ಎಂಬ ಪ್ರಶ್ನೆ ಹದಿನೆಂಟನೇ ಪುಟದಲ್ಲಿತ್ತು. ಮಾಲು ಎಲ್ಲಿ ಮಾರಿದಿರಿ ಎಂಬುದು ಹನ್ನೆರಡನೆಯದರಲ್ಲಿ. ಸಾಲ ಕೊಟ್ಟವನೂ ಮಾಲು ಕೊಂಡವನೂ ಒಬ್ಬನೇ ಏನು ಎಂದು ಎಲ್ಲೂ ಕೇಳಿರಲಿಲ್ಲ. ಅರ್ಥಶಾಸ್ತ್ರಕ್ಕೆ ಈ ಗಂಟು ಗೊತ್ತಿಲ್ಲ ಎಂದಲ್ಲ, ದಶಕಗಳಿಂದ ಅದರ ಬಗ್ಗೆ ಪುಸ್ತಕ ಬರೆದಿದ್ದಾರೆ ಎಂದು ನಮ್ಮ ಹುಡುಗಿ ಹೇಳಿದಳು. ಕೇರಳದ ಅದೇ ಕರಾವಳಿಗೆ ಆಮೇಲೆ ಹೋದ ಬೇರೆ ಸಂಶೋಧಕರು ಕೂಡ, ಜೆನ್ಸನ್ ಕಂಡದ್ದು ಎಲ್ಲ ಮೀನುಗಾರರ ಕತೆಯಲ್ಲ, ಸಾಲ ಮತ್ತು ದಲ್ಲಾಳಿಯ ಹಂಗು ಅಲ್ಲೂ ಇದೆ ಎಂದಿದ್ದಾರೆ. ಗೊತ್ತಿದ್ದದ್ದು ಫಾರ್ಮಿಗೆ ಇಳಿದು ಬರಲಿಲ್ಲ, ಅಷ್ಟೆ.

ಕೀನ್ಯಾದಲ್ಲಿ ಇದನ್ನೇ ತಲೆಕೆಳಗು ಮಾಡಿ ನೋಡಿದ್ದಾರೆ. ಸುಗ್ಗಿಯಲ್ಲಿ ಮೆಕ್ಕೆಜೋಳ ಅಗ್ಗ, ನಾಲ್ಕಾರು ತಿಂಗಳು ಕಳೆದರೆ ತುಟ್ಟಿ. ರೈತ ಅಗ್ಗದಲ್ಲಿ ಮಾರಿ, ಮಕ್ಕಳಿಗೆ ಹಸಿವಾದಾಗ ಅದೇ ಧಾನ್ಯವನ್ನು ತುಟ್ಟಿಯಲ್ಲಿ ಕೊಳ್ಳುತ್ತಾನೆ. ದಡ್ಡನಾ? ಅಲ್ಲ, ಸುಗ್ಗಿಯಲ್ಲೇ ಶಾಲೆಯ ಫೀಸು ಕಟ್ಟಬೇಕು. ಬರ್ಕ್, ಬರ್ಗ್‌ಕ್ವಿಸ್ಟ್, ಮಿಗೆಲ್ ಎಂಬ ಮೂವರು ಸುಗ್ಗಿಯ ಹೊತ್ತಿಗೇ ರೈತರಿಗೆ ಸಣ್ಣ ಸಾಲ ಕೊಡಿಸಿ ನೋಡಿದರು. ಧಾನ್ಯ ಮನೆಯಲ್ಲೇ ಉಳಿಯಿತು, ಬೆಲೆ ಏರಿದಾಗ ಮಾರಿದರು, ಸಾಲದ ಹಣಕ್ಕೆ ನೂರಕ್ಕೆ ೨೯ರಷ್ಟು ಗಳಿಕೆ ಬಂತು. ೨೦೧೯ರಲ್ಲಿ ಪ್ರಕಟವಾದ ಸಂಗತಿ. ಒಂದು ಪ್ರದೇಶದಲ್ಲಿ ತುಂಬ ಜನಕ್ಕೆ ಸಾಲ ಕೊಟ್ಟಾಗ ಊರಿನ ಬೆಲೆಯ ಏರಿಳಿತವೇ ಕಡಿಮೆಯಾಯಿತು, ಸಾಲ ಪಡೆಯದವರಿಗೂ ಅನುಕೂಲವಾಯಿತು. ನೋಡಿ, ಇಲ್ಲಿ ಯಾರೂ ರೈತನಿಗೆ ರೇಟು ಹೇಳಲಿಲ್ಲ. ಕಾಯುವ ತಾಕತ್ತು ಕೊಟ್ಟರು.

ಅದೇ ದೇಶದಲ್ಲಿ ಇನ್ನೊಂದು ತುಂಟ ಪ್ರಯೋಗ. ವ್ಯಾಪಾರಿಗಳಿಗೇ ದುಡ್ಡು ಕೊಟ್ಟು ಅವರ ಖರ್ಚು ಇಳಿಸಿದರು, ಗಿರಾಕಿಗೆ ಎಷ್ಟು ದಾಟಿಸುತ್ತಾರೆ ನೋಡೋಣ ಎಂದು. ಒಂದು ರೂಪಾಯಿ ಉಳಿತಾಯದಲ್ಲಿ ದಾಟಿದ್ದು ಇಪ್ಪತ್ತೆರಡು ಪೈಸೆ! ಮೇಲ್ನೋಟಕ್ಕೆ ಹತ್ತು ಜನ ವ್ಯಾಪಾರಿಗಳು, ಒಳಗೆ ಒಬ್ಬನೇ ವ್ಯಾಪಾರಿಯ ಹಾಗೆ ನಡೆದುಕೊಂಡರು. ಯಾರ್ಡಿನ ಹಿಂದೆ ಇಪ್ಪತ್ತು ವರ್ಷ ಕೂತ ನನಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ನಾನು ಹೇಳಿದರೆ ಹೊಟ್ಟೆಕಿಚ್ಚು, ಅವರು ಹೇಳಿದರೆ ಪುರಾವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಉಪ್ಪು. ಡೇವ್ ಡೊನಾಲ್ಡ್‌ಸನ್ ಎಂಬಾತ ಬ್ರಿಟಿಷರ ಕಾಲದ ರೈಲಿನಿಂದ ಹಳ್ಳಿಗಾಡಿಗೆ ಲಾಭವಾಯಿತೇ ಎಂದು ಕೇಳಿಕೊಂಡ. ಸಾಗಣೆ ಖರ್ಚು ಎಷ್ಟಿತ್ತೆಂದು ಯಾರೂ ಬರೆದಿಟ್ಟಿಲ್ಲ. ಏನು ಮಾಡಿದ ಗೊತ್ತೇ? ಆಗಿನ ದಾಖಲೆಗಳಲ್ಲಿ ಎಂಟು ಬಗೆಯ ಉಪ್ಪಿನ ಬೆಲೆ ಇತ್ತು. ಒಂದೊಂದು ಬಗೆಯೂ ಒಂದೇ ಒಂದು ಜಾಗದಲ್ಲಿ ತಯಾರಾಗುವಂಥದ್ದು. ಹಾಗಾದರೆ ತಯಾರಾದ ಜಾಗದ ಬೆಲೆಗೂ ದೂರದ ಊರಿನ ಬೆಲೆಗೂ ಇರುವ ಅಂತರವೇ ದಾರಿಯ ಖರ್ಚು! ಚಿಟಿಕೆ ಉಪ್ಪಿನಿಂದ ಇಡೀ ದೇಶದ ದಾರಿ ಅಳೆದ. ಎತ್ತಿನ ಗಾಡಿ ದಿನಕ್ಕೆ ೩೦ ಕಿಲೋಮೀಟರ್ ದಾಟುತ್ತಿರಲಿಲ್ಲ, ರೈಲು ೬೦೦ ಹೋಗುತ್ತಿತ್ತು. ರೈಲು ಬಂದ ಜಿಲ್ಲೆಯ ಕೃಷಿ ವರಮಾನ ನೂರಕ್ಕೆ ೧೬ ಏರಿತ್ತು. ಅನುಮಾನ ಉಳಿಯಬಾರದೆಂದು, ನಕ್ಷೆಯಲ್ಲಿ ಬರೆದು ಕೊನೆಗೆ ಹಾಕದೇ ಬಿಟ್ಟ ರೈಲು ಮಾರ್ಗಗಳನ್ನೂ ಹುಡುಕಿ ತೆಗೆದ. ಅಲ್ಲಿ ಅಂಥ ಏರಿಕೆ ಇಲ್ಲ. ಇದಲ್ಲವೇ ತಲೆ!

ರಸ್ತೆಯ ಕತೆ ಮಾತ್ರ ಕಹಿ. ೨೦೦೦ದಲ್ಲಿ ಶುರುವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ೧೦೦೦ ಜನರ ಊರಿಗೆ ಮೊದಲು, ೫೦೦ರ ಊರಿಗೆ ಆಮೇಲೆ ಎಂಬ ನಿಯಮ. ಗೆರೆಯ ಸ್ವಲ್ಪ ಮೇಲಿನ ಊರು, ಸ್ವಲ್ಪ ಕೆಳಗಿನ ಊರು, ಎರಡನ್ನೂ ಹೋಲಿಸಿದರೆ ಸಾಕು. ಆಶರ್ ಮತ್ತು ನೊವೊಸಾದ್ ಆರು ರಾಜ್ಯಗಳಲ್ಲಿ ಹೀಗೆ ಹೋಲಿಸಿ ೨೦೨೦ರಲ್ಲಿ ಬರೆದರು: ಬೇಸಾಯ ಬಿಟ್ಟು ಹೊರಗಿನ ಕೂಲಿಗೆ ಹೋದವರು ಹೆಚ್ಚಾದರು, ಬೆಳೆ, ಆದಾಯ, ಆಸ್ತಿಯಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ರಸ್ತೆ ಮಾಲನ್ನು ಪೇಟೆಗೆ ತಂದದ್ದಕ್ಕಿಂತ ಆಳನ್ನು ತಂದದ್ದೇ ಹೆಚ್ಚು. ಕರ್ನಾಟಕ ಆ ಆರರಲ್ಲಿ ಇಲ್ಲ. ಆದರೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಸೋಮವಾರ ಬೆಳಗ್ಗೆ ನಿಂತವರಿಗೆ ಪ್ರಬಂಧ ಬೇಕಾಗಿಲ್ಲ.

ಈಗ ನಮ್ಮ ಮನೆಗೆ ಬರೋಣ. ಎಪಿಎಂಸಿಗಳನ್ನು ಕಂಪ್ಯೂಟರಿನಲ್ಲಿ ಒಂದುಗೂಡಿಸಿ, ಬೇರೆ ಊರಿನ ಖರೀದಿದಾರನೂ ಟೆಂಡರ್ ಹಾಕುವಂತೆ ಮಾಡಿದ್ದು ದೇಶದಲ್ಲಿ ಮೊದಲು ನಾವು. ೨೦೧೪ರಲ್ಲಿ ಅದಕ್ಕೆಂದೇ ಸಂಸ್ಥೆ ಕಟ್ಟಿದೆವು. ೨೦೧೬ರಲ್ಲಿ ಕೇಂದ್ರ ಸರ್ಕಾರ ಇ-ನಾಮ್ ತಂದದ್ದು ನಮ್ಮನ್ನು ನೋಡಿಯೇ. ಇದರಿಂದ ಏನಾಯಿತು ಎಂದು ಅಮೆರಿಕದ ಎಂಐಟಿಯ ರೆಟ್ಸೆಫ್ ಲೆವಿ ಮತ್ತು ಸಂಗಡಿಗರು ಅಳೆದು ೨೦೨೦ರಲ್ಲಿ ಪ್ರಕಟಿಸಿದರು. ಭತ್ತದ ಬೆಲೆ ನೂರಕ್ಕೆ ೫.೧, ಶೇಂಗಾ ೩.೬, ಮೆಕ್ಕೆಜೋಳ ೩.೫ ಏರಿತ್ತು. ನೋಡಿದ ಬೇರೆ ಕೆಲವು ಬೆಳೆಗಳಲ್ಲಿ ಸ್ಪಷ್ಟ ಏರಿಕೆ ಕಾಣಲಿಲ್ಲ. ಇದು ಸಣ್ಣ ಸಂಗತಿಯಲ್ಲ. ಆದರೆ ಈ ಸಂಗತಿ ನಿಮಗೆ ಗೊತ್ತಿತ್ತೇ? ನಿಮ್ಮೂರಿನ ಯಾರ್ಡಿನ ಗೋಡೆಯ ಮೇಲೆ ಯಾರಾದರೂ ಕನ್ನಡದಲ್ಲಿ ಬರೆದು ಅಂಟಿಸಿದ್ದರೇ? ನಮ್ಮ ಭತ್ತ, ನಮ್ಮ ಯಾರ್ಡು, ನಮ್ಮ ತೆರಿಗೆ. ಓದಿದವರು ಬೋಸ್ಟನ್ನಿನಲ್ಲಿ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರು ಬಂದು ಅಳೆದರು. ನಾವೇನು ಮಾಡಿದೆವು?

ಒಂದು ಅನುಮಾನ ಮಾತ್ರ ನನ್ನನ್ನು ಕೊರೆಯುತ್ತದೆ, ಯಾಕೆಂದರೆ ಅದರಲ್ಲಿ ನನ್ನ ಪಾಲೂ ಇದೆ. ಇಂಥ ಲೆಕ್ಕಗಳೆಲ್ಲ ಯಾರ್ಡಿನಲ್ಲಿ ದಾಖಲಾದ ಬೆಲೆಯ ಮೇಲೆ ನಿಂತಿವೆ. ದಾಖಲಾದ ಬೆಲೆಯೆಲ್ಲ ರೈತನ ಕೈಗೆ ಬರುತ್ತದೆಯೇ? ಕಾಯ್ದೆ ಪ್ರಕಾರ ದಲ್ಲಾಳಿಯ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತನಲ್ಲ. ಆದರೆ ಬಿಳಿ ಚೀಟಿ ಎಂಬ ಹೆಸರು ಕೇಳಿದ್ದೀರಿ ತಾನೆ? ಲೈಸೆನ್ಸ್ ನಂಬರಿಲ್ಲದ, ಅಂಗಡಿಯ ಹೆಸರಿಲ್ಲದ ಬೋಳು ಚೀಟಿ. ಅದರಲ್ಲಿ ಕಮಿಷನ್ ಮುರಿದು, ಹಮಾಲಿ ಮುರಿದು, ಚೀಲಕ್ಕೆ ಇಷ್ಟು ಕಿಲೋ ಎಂದು ತೂಕ ಮುರಿದು, ಉಳಿದದ್ದನ್ನು ಕೈಗೆ ಹಾಕುತ್ತಾರೆ.

ಹದಿನೈದು ವರ್ಷದ ಹಿಂದೆ ಒಂದು ಅಂಗಡಿಯವರು ಬಂದು ಐವತ್ತು ಪುಸ್ತಕ ಹೊಡೆಯಲು ಹೇಳಿದರು. ಮೇಲೆ ಏನೂ ಬೇಡ, ಬರೀ ಗೆರೆ, ಕೆಳಗೆ "ನಿವ್ವಳ" ಎಂಬ ಪದ. ಯಾಕೆಂದು ನನಗೆ ಗೊತ್ತಿತ್ತು. ಆಗ ಅಪ್ಪ ತೀರಿಕೊಂಡು, ಹಳೇ ಟ್ರೆಡಲ್ ಮಾರಿ, ಆಫ್‌ಸೆಟ್‌ಗೆ ಬ್ಯಾಂಕ್ ಸಾಲ ಮಾಡಿದ್ದ ಕಾಲ. ಹೊಡೆದು ಕೊಟ್ಟೆ. ಆರು ತಿಂಗಳಿಗೆ ನಮ್ಮ ಸೋದರಮಾವ ಶೇಂಗಾ ಮಾರಿ ಮನೆಗೆ ಬಂದು ಜೇಬಿನಿಂದ ಚೀಟಿ ತೆಗೆದರು, "ಲೆಕ್ಕ ಸರಿಯೈತೇನು ನೋಡಪಾ" ಎಂದು. ನನ್ನದೇ ಗೆರೆ, ನನ್ನದೇ "ನಿವ್ವಳ". ನೂರಕ್ಕೆ ಆರು ಕಮಿಷನ್ ಮುರಿದಿತ್ತು. ಕೂಡಿಸಿ ಕಳೆದು, ಲೆಕ್ಕ ಸರಿಯಿದೆ ಮಾವಾ ಎಂದೆ. ಕೂಡಿಸಿದ್ದು ಸರಿಯೇ ಇತ್ತು.

ಶೇಂಗಾಕ್ಕೆ ಕಂಪ್ಯೂಟರ್ ಟೆಂಡರಿನಿಂದ ಬಂದದ್ದು ೩.೬. ಬಿಳಿ ಚೀಟಿಯಲ್ಲಿ ಹೋದದ್ದು ೬. ದಾಖಲೆಯನ್ನಷ್ಟೇ ನೋಡುವವನಿಗೆ ಮೊದಲನೆಯದು ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ಅದು ಕಾಣಬೇಕಾದರೆ ಮಾವನ ಜೇಬಿನಲ್ಲಿರುವ ಚೀಟಿಯನ್ನು ತೋರಿಸು ಎಂದು, ಮಾವನ ಮಾತಿನಲ್ಲಿ ಕೇಳುವವನು ಬೇಕು. ಮಾರುಕಟ್ಟೆ ಪ್ರವೇಶದ ಗುಣಮಟ್ಟ ಎಂದರೆ ಮಾವ ಚೀಟಿ ತೆಗೆಯುವುದಿಲ್ಲ.

ಅಂಥವರು ಯಾರು? ನೀವೇ. ವಾರಪೂರ್ತಿ ಯಾರದೋ ಕಂಪನಿಯ ಅಂಕಿಅಂಶ ಗುದ್ದುವವರು, ಹಬ್ಬಕ್ಕೆ ಊರಿಗೆ ಹೋಗುವವರು, ನಿಮ್ಮ ಚಿಕ್ಕಪ್ಪನೋ ಮಾವನೋ ಇನ್ನೂ ಯಾರ್ಡಿಗೆ ಮಾಲು ಹಾಕುತ್ತಿರುವವರು. ಬೋರ್ಡಿನ ಮೇಲೆ ಕನ್ನಡ ಬೇಕೆಂದು ಬೀದಿಗಿಳಿದಿದ್ದೀರಿ, ಒಳ್ಳೆಯದು. ಲೆಕ್ಕದ ಪುಸ್ತಕದಲ್ಲಿ ಕನ್ನಡ ಇಲ್ಲದಿದ್ದರೆ ಬೋರ್ಡಿನ ಕೆಳಗೆ ನಡೆಯುವ ವ್ಯಾಪಾರ ಯಾರದು? ಕೃಷಿ ಮಾರಾಟ ವಾಹಿನಿಯಲ್ಲಿ ದಿನದಿನದ ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಪುಕ್ಕಟೆಯಾಗಿ ಸಿಗುತ್ತದೆ. ಒಂದು ಬೆಳೆ, ಎರಡು ಯಾರ್ಡು, ಒಂದು ವರ್ಷ ಸಾಕು. ಅದರ ಪಕ್ಕದಲ್ಲಿ ಹತ್ತು ಜನ ರೈತರ ಕೈಗೆ ನಿಜವಾಗಿ ಬಂದ ದುಡ್ಡು ಬರೆಯಿರಿ. ಸಾಲ ಕೊಟ್ಟವನೇ ಕೊಂಡನೇ, ಅದನ್ನೂ ಕೇಳಿ. ಚೀಲದಲ್ಲಿ ಹೇಳಿದರೆ ಚೀಲಕ್ಕೆಷ್ಟು ಕಿಲೋ ಎಂದು ಮರೆಯದೆ ಕೇಳಿ, ಅಲ್ಲೇ ಎಡವುತ್ತಾರೆ ಎಲ್ಲರೂ.

ಫಾರ್ಮು ಎರಡು ಪುಟ ಮೀರದಿರಲಿ. ಬರೆದು ತನ್ನಿ, ಕಾಗದದ ದುಡ್ಡು ಕೊಟ್ಟರೆ ಸಾಕು, ಹೊಡೆದು ಕೊಡುತ್ತೇನೆ. ಪ್ರೂಫ್ ಮಾತ್ರ ನಾನೇ ನೋಡುತ್ತೇನೆ. ಲಗ್ನದ ತಿಂಗಳಲ್ಲಿ ಬರಬೇಡಿ, ಆಗ ನನ್ನ ಮಷೀನು ಖಾಲಿ ಇರುವುದಿಲ್ಲ.